ಮುರಕಲ್ಲು ಜಾಗದಲ್ಲಿ ಎತ್ತರದ ಮಡಿ: ಅಮ್ಮ ಬಗ್ಗದೆ ತರಕಾರಿ ಮಾಡುವ ಹಾಗೆ ಆಗಬೇಕು

ಗುಡ್ಡೆಮನೆ (ಕಾಸರಗೋಡಿನ ಬದಿಯಡ್ಕ ಹತ್ತಿರ)
ಏಪ್ರಿಲ್ 3

ನಮಸ್ಕಾರ. ಎರಡು ವರ್ಷದಿಂದ ಈ ಕೃಷಿ ಚರ್ಚೆಯ ಪುಟದಲ್ಲಿ ಓದುತ್ತಾ ಇದ್ದೇನೆ, ಬರೆಯುವುದು ಇದೇ ಮೊದಲು. ನಮ್ಮದು ಗುಡ್ಡೆಯ ಬದಿಯ ಮನೆ. ಕೆಳಗೆ ಅಡಿಕೆ ತೋಟ, ಮೇಲೆ ಮನೆ. ಮನೆಯ ಎದುರು ಐದು ಸೆಂಟ್ಸಿನಷ್ಟು ಜಾಗ ಸುಮ್ನೆ ಬಿದ್ದಿದೆ. ಒಂದು ಗೇಣು ಮಣ್ಣು, ಅದರ ಅಡಿಯಲ್ಲಿ ಮುರಕಲ್ಲು (ಜಂಬಿಟ್ಟಿಗೆ). ಪಿಕ್ಕಾಸು ಹಾಕಿದರೆ ಟಣ್ ಎನ್ನುತ್ತದೆ.

ಅಮ್ಮ ಮೊದಲು ತೋಟದ ಬದಿಯಲ್ಲಿ ನಟ್ಟಿಕಾಯಿ ಮಾಡುತ್ತಿದ್ದರು. ಅಲಸಂಡೆ, ಹರಿವೆ, ಬೆಂಡೆ, ಬದನೆ, ಸೌತೆ ಎಲ್ಲಾ. ಈಗ ಮೊಣಕಾಲು ನೋವು. ಮೆಟ್ಟಿಲು ಇಳಿಯಬೇಡಿ, ಬಗ್ಗಬೇಡಿ ಎಂದು ಡಾಕ್ಟರ್ ಹೇಳಿದ್ದಾರೆ. ಅಮ್ಮ ಕೇಳಬೇಕಲ್ಲ! ಕಳೆದ ಆಟಿ ತಿಂಗಳ ಮಳೆಯಲ್ಲಿ ಜಾರಿ ಬಿದ್ದದ್ದೂ ಆಯಿತು. ಹಾಗಾಗಿ ಅಂಗಳದ ಹತ್ತಿರವೇ ಸೊಂಟದೆತ್ತರಕ್ಕೆ ಮೂರು ಮಡಿ ಮಾಡಿ ಕೊಡೋಣ ಅಂತ.

ಹೋದ ವರ್ಷ ಆನ್‌ಲೈನಿನಲ್ಲಿ ಒಂದು ತಗಡಿನ ಬೆಡ್ ಕಿಟ್ ತರಿಸಿದ್ದೆ. ಚಿತ್ರದಲ್ಲಿ ಚಂದ ಇತ್ತು. ಮಣ್ಣು ತುಂಬಿಸಿದ ಮೇಲೆ ಮೊದಲ ಜೋರು ಮಳೆಗೇ ಹೊಟ್ಟೆ ಉಬ್ಬಿ ನಡುವಿನ ಬೋಲ್ಟು ಕಿತ್ತು ಬಂತು. ಈಗ ಅದರಲ್ಲಿ ತೆಂಗಿನ ಸಿಪ್ಪೆ ತುಂಬಿಸಿ ಇಟ್ಟಿದ್ದೇವೆ.

ನಾನು ಕೇಳುವುದು ಇಷ್ಟೇ: ಯಾವುದರಿಂದ ಕಟ್ಟುವುದು, ಒಳಗೆ ಏನು ತುಂಬಿಸುವುದು, ಡ್ರಿಪ್ ಹಾಕಬೇಕಾ, ಯಾವ ಸಾಮಾನಿಗೆ ದುಡ್ಡು ಹಾಕಿದರೆ ನಷ್ಟ ಇಲ್ಲ?

ಬಾಯಾರು ಸುರಂಗ
ಏಪ್ರಿಲ್ 3

ತಮ್ಮಾ, ಮುರಕಲ್ಲಿನ ಮೇಲೆ ಕುಳಿತುಕೊಂಡು ತಗಡು ತರಿಸಿದ್ದೀಯಲ್ಲ, ನಿನಗೆ ಎಂತ ಹೇಳುವುದು. ಕಲ್ಲು ಕಡಿಯುವಲ್ಲಿ ಹೋಗಿ ಕೇಳು. ಮೂಲೆ ಹೋದದ್ದು, ಅರ್ಧಕ್ಕೆ ತುಂಡಾದದ್ದು ರಾಶಿ ಬಿದ್ದಿರುತ್ತದೆ. ಮನೆ ಕಟ್ಟಲು ಆಗದ ಕಲ್ಲು ಮಡಿಗೆ ಧಾರಾಳ ಆಗುತ್ತದೆ.

ಸೊಂಟದೆತ್ತರ ಯಾಕೆ? ಲೆಕ್ಕ ಹಾಕು. 8 ಅಡಿ ಉದ್ದ, 3 ಅಡಿ ಅಗಲ, ಎರಡೂವರೆ ಅಡಿ ಎತ್ತರ ಅಂದರೆ 60 ಘನ ಅಡಿ. ಹತ್ತಿರ ಹತ್ತಿರ 1700 ಲೀಟರ್ ಮಣ್ಣು, ಗೊಬ್ಬರ. ಅಂಥದ್ದು ಮೂರು ಮಡಿಗೆ ಎಲ್ಲಿಂದ ತರುತ್ತೀ? ಅದನ್ನೇ ಒಂದೂವರೆ ಅಡಿ ಮಾಡು, 36 ಘನ ಅಡಿಗೆ ಇಳಿಯುತ್ತದೆ. 1000 ಲೀಟರ್. ಒಂದೂವರೆ ಅಡಿ ಅಂದರೆ ಜಗಲಿ ಕಟ್ಟೆಯ ಎತ್ತರ. ಅಮ್ಮ ಆ ಕಲ್ಲಿನ ಮೇಲೆಯೇ ಕುಳಿತು ಕಳೆ ತೆಗೆಯಬಹುದು. ಬಗ್ಗುವುದೂ ಬೇಡ, ನಿಲ್ಲುವುದೂ ಬೇಡ. ನಮ್ಮ ಮನೆಯಲ್ಲಿ ಹಾಗೆಯೇ ನಡೆಯುವುದು, ಬಾಯಲ್ಲಿ ಎಲೆಯಡಿಕೆ ಇರುವಾಗಲೇ ಹರಿವೆ ಕೊಯ್ದು ಆಗಿರುತ್ತದೆ.

ಅಗಲ 3 ಅಡಿ ದಾಟಬೇಡ. ಎರಡು ಬದಿಯಿಂದಲೂ ಕೈ ನಡುವಿನವರೆಗೆ ಎಟುಕಬೇಕು. ಮಡಿಯ ಒಳಗೆ ಕಾಲಿಟ್ಟರೆ ಮಣ್ಣು ಗಟ್ಟಿಯಾಗುತ್ತದೆ, ಮತ್ತೆ ಎತ್ತರದ ಮಡಿ ಮಾಡಿ ಎಂತ ಪ್ರಯೋಜನ? ಎರಡು ಮಡಿಯ ನಡುವೆ ಕೈಗಾಡಿ ಹೋಗುವಷ್ಟು ದಾರಿ ಬಿಡು. ಕಲ್ಲಿಗೆ ಸಿಮೆಂಟು ಹಾಕಬೇಡ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ, ಅದರಲ್ಲಿ ಮುಕ್ಕಾಲು ಪಾಲು ಜೂನಿನಿಂದ ಸೆಪ್ಟೆಂಬರಿಗೆ ಬರುವುದು. ನೀರು ಕಲ್ಲಿನ ಎಡೆಯಿಂದ ಹೋಗುತ್ತಾ ಇರಬೇಕು.

ಕುಂಬ್ಳೆ ಟೀಚರ್
ಏಪ್ರಿಲ್ 4

ಬಾಯಾರಿನ ಅಣ್ಣ ಹೇಳಿದ ಎತ್ತರಕ್ಕೆ ನನ್ನದೂ ವೋಟು. ನಾನು ಮಣ್ಣಿನ ವಿಷಯ ಹೇಳುತ್ತೇನೆ. ಹೆಚ್ಚಿನವರು ಸೋಲುವುದು ಅಲ್ಲಿಯೇ.

ಮೊದಲನೆಯದು, ಹಳೆಯ ಬದನೆ ಗದ್ದೆಯ ಮಣ್ಣು ತಂದು ತುಂಬಿಸಬೇಡಿ. ಬದನೆ, ಟೊಮೆಟೊ, ಮೆಣಸು ಹಸಿರಾಗಿದ್ದಂತೆಯೇ ಒಂದು ಮಧ್ಯಾಹ್ನ ಬಾಡಿ, ಮೂರೇ ದಿನಕ್ಕೆ ಸಾಯುತ್ತದಲ್ಲ, ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಅದು ಇರುವುದೇ ಮಣ್ಣಿನಲ್ಲಿ. ನಮ್ಮ ಹುಳಿ ಮಣ್ಣು, ಬಿಸಿ, ತೇವ ಮೂರೂ ಅದಕ್ಕೆ ಇಷ್ಟ. ಅನುಮಾನ ಇದ್ದರೆ ಬಾಡಿದ ಗಿಡದ ಕಾಂಡವನ್ನು ಬುಡದಲ್ಲಿ ಕೊಯ್ದು ಗ್ಲಾಸಿನ ನೀರಿನಲ್ಲಿ ತೂಗುಹಾಕಿ. ಐದು ನಿಮಿಷದಲ್ಲಿ ಹಾಲಿನಂತೆ ಬಿಳಿ ಎಳೆ ಇಳಿದರೆ ಅದೇ ರೋಗ. ಶಾಲೆಯಲ್ಲಿ ಮಕ್ಕಳಿಗೆ ತೋರಿಸುತ್ತಿದ್ದೆ, ಯಾವ ಪಾಠಕ್ಕೂ ಅಷ್ಟು ಕಣ್ಣು ಅರಳಿದ್ದಿಲ್ಲ.

ಬೇರೆ ಮಣ್ಣು ಸಿಗದಿದ್ದರೆ ಈಗ ಏಪ್ರಿಲ್ ಬಿಸಿಲು ಇದೆ, ಬಿಡಬೇಡಿ. ಮಣ್ಣನ್ನು ತೆಳುವಾಗಿ ಹರಡಿ, ಚೆನ್ನಾಗಿ ನೀರು ಚಿಮುಕಿಸಿ, ಪಾರದರ್ಶಕ ಪ್ಲಾಸ್ಟಿಕ್ ಹೊದೆಸಿ, ಅಂಚಿಗೆ ಮಣ್ಣು ಹಾಕಿ ಗಾಳಿ ಆಡದ ಹಾಗೆ ಮಾಡಿ. ಕಪ್ಪು ಪ್ಲಾಸ್ಟಿಕ್ ಅಲ್ಲ, ಪಾರದರ್ಶಕವೇ ಬೇಕು. ನಾಲ್ಕರಿಂದ ಆರು ವಾರ ಹಾಗೇ ಇರಲಿ. ರೋಗ ಪೂರ್ತಿ ಹೋಗುತ್ತದೆ ಎಂದು ಹೇಳುವುದಿಲ್ಲ, ಕಡಿಮೆಯಾಗುತ್ತದೆ.

ಎರಡನೆಯದು ಸುಣ್ಣ. ನಮ್ಮ ಮಣ್ಣು ಹುಳಿ, ಸುಣ್ಣ ಬೇಕೇ ಬೇಕು. ಆದರೆ ಸುಣ್ಣ ಮತ್ತು ಹಟ್ಟಿಗೊಬ್ಬರ ಒಂದೇ ದಿನ ಕಲಸಬೇಡಿ, ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಸುಣ್ಣ ಹಾಕಿ ಎರಡು ವಾರ ಬಿಟ್ಟು ಗೊಬ್ಬರ. ಮತ್ತೆ ಸುಡುಮಣ್ಣು (ತರಗೆಲೆ, ಕಸದೊಟ್ಟಿಗೆ ಸುಟ್ಟ ಮಣ್ಣು) ಮಾಡಲು ಅಮ್ಮನಿಗೆ ಗೊತ್ತಿರಬೇಕಲ್ಲ? ಅದನ್ನೂ ಒಂದಷ್ಟು ಸೇರಿಸಿ.

ಬದನೆ ನೆಡುವುದಾದರೆ ಕೇರಳ ಕೃಷಿ ವಿಶ್ವವಿದ್ಯಾಲಯದ ಸೂರ್ಯ, ಹರಿತ, ನೀಲಿಮ ತಳಿ ಕೇಳಿ. ಟೊಮೆಟೊಗೆ ಶಕ್ತಿ, ಅನಘ. ಮೆಣಸಿಗೆ ಉಜ್ವಲ. ಇವು ಸೊರಗು ರೋಗವನ್ನು ತಡೆಯುವ ತಳಿಗಳು.

ಎರೆಮಣ್ಣು (ಅಕ್ಕಲಕೋಟೆ ತಾಲೂಕು)
ಏಪ್ರಿಲ್ 4

ಟೀಚರ್ ಅವರ ಗ್ಲಾಸಿನ ಪರೀಕ್ಷೆ ಭಾಳ ಚಲೋ ಇದೆ. ನಾಳೆ ನಾನೂ ನೋಡುತ್ತೇನೆ.

ನಮ್ಮ ಕಡೆ ಕಲ್ಲು ಹಾಕಿ ಮಡಿ ಕಟ್ಟುವಾಗ ಒಂದು ತೊಂದರೆ ಇದೆ ನೋಡ್ರಿ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಇಟ್ಟಿಗೆ ಗೋಡೆ ಎರಡು ವರ್ಷಕ್ಕೆ ಬಾಯಿ ಬಿಟ್ಟಿತು. ಈಗ ಗೋಡೆ ಇಲ್ಲ. ನಾಲ್ಕು ಅಡಿ ಅಗಲದ ಮಣ್ಣಿನ ಏರು, ಬದಿಗೆ ಒಂದೂವರೆ ಅಡಿಯ ಹರಿ (ಕಾಲುವೆ). ಮಳೆ ಹೆಚ್ಚಾದರೆ ನೀರು ಹರಿಯಲ್ಲಿ ಹೋಗುತ್ತದೆ, ಕಡಿಮೆಯಾದರೆ ಹರಿಯಲ್ಲೇ ನಿಂತು ಇಂಗುತ್ತದೆ. ದುಡ್ಡು ಇಲ್ಲ, ದುಗ್ಗಾಣಿ ಇಲ್ಲ.

ಮಡಕಶಿರಾ ಹುಡುಗ
ಏಪ್ರಿಲ್ 5

ಸಾರ್, ಮೂರೂವರೆ ಸಾವಿರ ಮಿಲಿಮೀಟರ್ ಅಂತ ಓದಿ ಎರಡು ಸಲ ಕಣ್ಣು ಉಜ್ಜಿಕೊಂಡೆ. ನಮ್ಮ ಅನಂತಪುರದ ಕಡೆ ವರ್ಷಪೂರ್ತಿ ಬೀಳುವ ಮಳೆ ನಿಮಗೆ ಜುಲೈ ತಿಂಗಳ ಎರಡು ವಾರಕ್ಕೆ ಬರುತ್ತೇನೋ.

ಇದನ್ನು ಓದುವ ನಮ್ಮ ಕಡೆಯವರಿಗೆ ಒಂದು ಮಾತು. ಎತ್ತರದ ಮಡಿ ಒಣ ಸೀಮೆಗೆ ಅಲ್ಲ. ನಾನು ವೀಡಿಯೊ ನೋಡಿ ಹಾಲೋ ಬ್ಲಾಕಿನಲ್ಲಿ ಮಾಡಿದೆ. ನಾಲ್ಕು ಕಡೆಯಿಂದ ಬಿಸಿಲು, ನಾಲ್ಕು ಕಡೆಯಿಂದ ಗಾಳಿ. ಬೆಳಿಗ್ಗೆ ಹಾಕಿದ ನೀರು ಸಂಜೆಗೆ ಇರುತ್ತಿರಲಿಲ್ಲ. ಆಮೇಲೆ ನಮ್ಮ ತಾತ ಮಾಡುತ್ತಿದ್ದ ಹಾಗೆ ಅರ್ಧ ಅಡಿ ತಗ್ಗಿನ ಪಾತಿ ತೆಗೆದು, ಮೇಲೆ ಕಡಲೆ ಹೊಟ್ಟು ಹೊದೆಸಿದೆ. ಬಿದ್ದ ನಾಲ್ಕು ಹನಿಯೂ ಪಾತಿಯೊಳಗೇ ಉಳಿಯುತ್ತೆ. ನಿಮಗೆ ನೀರು ಓಡಿಸುವ ಚಿಂತೆ, ನಮಗೆ ಹಿಡಿಯುವ ಚಿಂತೆ.

ನೀರುಪೈಪು (ಪೆರ್ಲ)
ಏಪ್ರಿಲ್ 5

ಡ್ರಿಪ್ ಬಗ್ಗೆ ಕೇಳಿದ್ದೀರಿ. ನನ್ನ ಕೆಲಸವೇ ಅದು, ಆದರೂ ನಿಜ ಹೇಳುತ್ತೇನೆ. ಮೂರು ಮಡಿಗೆ ದೊಡ್ಡ ಕಿಟ್ ಬೇಡ.

ಬೇಸಿಗೆಯಲ್ಲಿ ಒಂದು ಚದರ ಮೀಟರಿಗೆ ದಿನಕ್ಕೆ ಐದಾರು ಲೀಟರ್ ನೀರು ಬೇಕು. ನಿಮ್ಮ ಒಂದು ಮಡಿ ಹತ್ತಿರ ಹತ್ತಿರ ಎರಡೂಕಾಲು ಚದರ ಮೀಟರ್. ಅಂದರೆ ಮಡಿಗೆ 12 ಲೀಟರ್, ಮೂರಕ್ಕೂ ಸೇರಿ 36. ಇಷ್ಟಕ್ಕೆ ಒಂದು ಹಳೆ ಡ್ರಮ್ ಸಾಕು.

ಜನ ಎಡವುವುದು ಎಲ್ಲಿ ಗೊತ್ತುಂಟಾ? ಒತ್ತಡ ಸರಿದೂಗಿಸುವ ಡ್ರಿಪ್ಪರ್ ಅಂತ ಒಂದು ಬರುತ್ತದೆ, ಬೆಲೆ ಜಾಸ್ತಿ. ಅದಕ್ಕೆ ಪಂಪಿನ ಒತ್ತಡ ಬೇಕು. ಹತ್ತು ಮೀಟರ್ ಎತ್ತರದಿಂದ ಇಳಿದರೆ ಒಂದು ಬಾರ್ ಒತ್ತಡ. ನೀವು ಡ್ರಮ್ಮನ್ನು ಆರಡಿ ಎತ್ತರದ ಕಟ್ಟೆಯಲ್ಲಿ ಇಟ್ಟರೆ ಸಿಗುವುದು ಅದರ ಐದನೇ ಒಂದು ಪಾಲು. ಮೊದಲ ಗಿಡಕ್ಕೆ ನೀರು, ಕೊನೆಯ ಗಿಡಕ್ಕೆ ಗಾಳಿ. ಡ್ರಮ್ಮಿನಿಂದ ಬಿಡುವುದಾದರೆ ಸಾದಾ ಮೈಕ್ರೋ ಟ್ಯೂಬ್ (ಸಪೂರ ಪೈಪು) ಹಾಕಿ. ಪೈಪು ಉದ್ದ ಬೇಡ. ಡ್ರಮ್ಮಿನ ಬಾಯಿಗೆ ಫಿಲ್ಟರ್ ಮರೆಯಬೇಡಿ. ಬೋರಿನ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಒಂದೇ ಬೇಸಿಗೆಗೆ ತೂತು ಮುಚ್ಚಿ ಹೋಗುತ್ತದೆ.

ಟೈಮರ್ ಬೇಕಾದರೆ ಹಾಕಿ. ಮನೆಯಲ್ಲಿ ಅಮ್ಮ ಇದ್ದಾರಲ್ಲ, ನನಗೆ ಅನಿಸುವುದು ಒಂದು ನಲ್ಲಿ ಸಾಕು ಅಂತ.

ಬಾಯಾರು ಸುರಂಗ
ಏಪ್ರಿಲ್ 5

ನೀರುಪೈಪಿನವರು ಹತ್ತು ಮೀಟರ್ ಎಂದದ್ದು ಓದಿ ನಗು ಬಂತು. ನಮ್ಮ ಸುರಂಗ ಮನೆಯಿಂದ ಅಷ್ಟೇ ಎತ್ತರದಲ್ಲಿ ಇರುವುದು. ಗುಡ್ಡೆಯ ಒಳಗೆ ಅಡ್ಡಕ್ಕೆ ಕೊರೆದ ಸುರಂಗ, ಅಜ್ಜನ ಕಾಲದ್ದು. ನೀರು ತೊಟ್ಟು ತೊಟ್ಟಾಗಿ ಬಂದು ಟ್ಯಾಂಕಿಗೆ ಬೀಳುತ್ತದೆ, ಅಲ್ಲಿಂದ ಪೈಪು. ಕರೆಂಟು ಇಲ್ಲ, ಪಂಪು ಇಲ್ಲ, ಮೇ ತಿಂಗಳಲ್ಲೂ ಡ್ರಿಪ್ ನಡೆಯುತ್ತದೆ. ಕೊರೆಯುವಾಗ ಅಜ್ಜನ ಬೆನ್ನು ಮುರಿದದ್ದರ ಫಲ ಈಗ ನನ್ನ ತೊಂಡೆ ಚಪ್ಪರಕ್ಕೆ.

ಮತ್ತೊಂದು, ಮಡಿ ತುಂಬಿಸಿದ ಮೇಲೆ ದೊಡ್ಡ ಹಾರೆ ಹಾಕಿ ಮಣ್ಣು ಎಳೆಯಬೇಡ ತಮ್ಮಾ. ಸಣ್ಣ ಕೈಹಾರೆ ಸಾಕು.

ಎರೆಮಣ್ಣು
ಏಪ್ರಿಲ್ 6

ಹಾರೆಯಿಂದ ಮಣ್ಣು ಎಳೆಯುವುದು ಹ್ಯಾಂಗ್ರಿ? ಹಾರೆ ಅಂದರೆ ಕಲ್ಲು ಮೀಟುವ ಕಬ್ಬಿಣದ ಕೋಲು ಅಲ್ಲವೇನು? ತರಕಾರಿ ಮಡಿಯಲ್ಲಿ ಅದನ್ನು ಯಾಕೆ ಹಾಕುತ್ತೀರಿ?

ಬಾಯಾರು ಸುರಂಗ
ಏಪ್ರಿಲ್ 6

ಓಹೋ! ನೀವು ಹೇಳುವುದಕ್ಕೆ ನಮ್ಮಲ್ಲಿ ಪಾರೆಂಗಿ ಎನ್ನುವುದು. ನಮ್ಮ ಹಾರೆ ಅಂದರೆ ನಿಮ್ಮ ಸಲಿಕೆ, ಗುದ್ದಲಿಯ ಜಾತಿ. ನನ್ನ ಮಾತು ಕೇಳಿ ಯಾರಾದರೂ ಹರಿವೆ ಸಾಲಿಗೆ ಕಬ್ಬಿಣದ ಕೋಲು ಹಾಕಿದ್ದರೆ ಕ್ಷಮಿಸಬೇಕು.

ತಾಳವಾಡಿ ರೈತ
ಏಪ್ರಿಲ್ 7

ಅಣ್ಣ, ನಮ್ಮ ತಾಳವಾಡಿಯಲ್ಲಿ ಕಲ್ಲು ಕಟ್ಟಿದರೂ ಒಂದೇ, ತಗಡು ಕಟ್ಟಿದರೂ ಒಂದೇ. ಆನೆ ಬಂದರೆ ಎಲ್ಲಾ ಒಂದೇ ಎತ್ತರ. ನಿಮ್ಮಲ್ಲಿ ಮಂಗ, ನವಿಲು ಇದೆಯಾ? ಇದ್ದರೆ ಮಡಿ ಕಟ್ಟುವಾಗಲೇ ನಾಲ್ಕು ಮೂಲೆಗೆ ಪೈಪಿನ ತುಂಡು ಹೂತುಬಿಡಿ. ಆಮೇಲೆ ಬೇಕಾದಾಗ ಕಡ್ಡಿ ಸಿಕ್ಕಿಸಿ ಬಲೆ ಕಟ್ಟಬಹುದು, ಮಳೆಗೆ ಪ್ಲಾಸ್ಟಿಕ್ ಕಟ್ಟಬಹುದು, ಬೇಸಿಗೆಗೆ ನೆರಳಿನ ಬಲೆ ಕಟ್ಟಬಹುದು. ಕಲ್ಲು ಕೂತ ಮೇಲೆ ಗುಂಡಿ ತೋಡುವುದು ಭಾರಿ ಕಷ್ಟ.

ಗುಡ್ಡೆಮನೆ
ಮೇ 19

ತಡವಾಯಿತು, ಕ್ಷಮಿಸಿ. ಮೂರು ಮಡಿ ಕಟ್ಟಿ ಆಯಿತು. ಒಡೆದ ಮುರಕಲ್ಲು, ಒಂದೂವರೆ ಅಡಿ. ತಾಳವಾಡಿ ಅಣ್ಣ ಹೇಳಿದ ಹಾಗೆ ಮೂಲೆಗೆ ಪೈಪು ಹೂತಿದ್ದೇವೆ. ಈ ಇಡೀ ಚರ್ಚೆಯಲ್ಲಿ ಅತಿ ಕಡಿಮೆ ಖರ್ಚಿನ ಸಲಹೆ ಅದೇ.

ಅಡಿಯಲ್ಲಿ ತೆಂಗಿನ ಸಿಪ್ಪೆ ಒಂದು ಸಾಲು, ಗುಳಿಯ ಬದಿ ಮೇಲೆ ಮಾಡಿ. ಅದರ ಮೇಲೆ ತರಗೆಲೆ, ಅಡಿಕೆ ಸೋಗೆ ಕೊಚ್ಚಿದ್ದು. ಆಮೇಲೆ ಮಣ್ಣು, ಹಟ್ಟಿಗೊಬ್ಬರ, ತೆಂಗಿನ ನಾರಿನ ಹುಡಿ ಸಮಸಮ. ಅಮ್ಮ ಸುಡುಮಣ್ಣು ಮಾಡಿದರು. ಎರಡು ದಿನ ಮನೆ ಇಡೀ ಹೊಗೆ.

ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಟೀಚರ್ ಬೇಡ ಎಂದ ಹಳೆಯ ನಟ್ಟಿ ಜಾಗದ ಮಣ್ಣನ್ನೇ ತಂದೆ, ಬೇರೆ ಸಿಗಲಿಲ್ಲ. ಪ್ಲಾಸ್ಟಿಕ್ ಹೊದೆಸಿ ಐದು ವಾರ ಇಟ್ಟೆವು. ಆದರೆ ಪ್ಲಾಸ್ಟಿಕ್ ಸಾಕಾಗಲಿಲ್ಲ. ಎರಡು ಮಡಿಯ ಮಣ್ಣಿಗೆ ಮಾತ್ರ ಆಯಿತು. ಮೂರನೆಯದಕ್ಕೆ ಹಾಗೇ ತುಂಬಿಸಿದ್ದೇವೆ.

ಪತ್ತನಾಜೆ (ಮೇ ಕೊನೆಗೆ, ಮಳೆಗಾಲದ ಮೊದಲು ಬರುವ ದಿನ) ಹತ್ತಿರ ಬಂತು, ಬೀಜ ಹಾಕಬೇಕು ಎಂದು ಅಮ್ಮ ದಿನಕ್ಕೆ ನಾಲ್ಕು ಸಲ ನೆನಪಿಸುತ್ತಿದ್ದಾರೆ. ಹರಿವೆ ಬೀಜ ಇರುವೆ ಹೊತ್ತುಕೊಂಡು ಹೋಗುತ್ತದೆ, ಏನು ಮಾಡುವುದು?

ಪಡ್ರೆ ಅಕ್ಕ
ಮೇ 19

ಬೀಜಕ್ಕೆ ಅಕ್ಕಿ ತರಿ ಬೆರೆಸಿ ಬಿತ್ತು ತಮ್ಮಾ. ಇರುವೆ ತರಿ ಹೊತ್ತುಕೊಂಡು ಹೋಗುವಷ್ಟರಲ್ಲಿ ಬೀಜ ಮೊಳೆತಿರುತ್ತದೆ. ಬೀಜ ಒಂದೇ ಕಡೆ ಗುಂಪಾಗಿ ಬೀಳುವುದೂ ಇಲ್ಲ.

ಕೆಂಪು ಹರಿವೆ ಮಳೆಗಾಲದಲ್ಲಿ ಎಲೆಚುಕ್ಕಿ ಹಿಡಿದು ಹಾಳಾಗುತ್ತದೆ. ಹಸಿರು ಹರಿವೆಯ ಕೋ-1 ತಳಿ ಅದನ್ನು ತಡೆಯುತ್ತದೆ. ಎರಡನ್ನೂ ಬೆರೆಸಿ ಹಾಕು. ನೀರನ್ನು ಎಲೆಯ ಮೇಲೆ ಹೊಯ್ಯಬೇಡ, ಬುಡಕ್ಕೆ ಬಿಡು.

ಗುಡ್ಡೆಮನೆ
ಜೂನ್ 28

ಮೂರು ಕಷ್ಟ ಒಟ್ಟಿಗೆ ಬಂದಿದೆ.

ಒಂದು, ಬೆಂಡೆ ಮತ್ತು ಅಲಸಂಡೆ ಹಳದಿಯಾಗಿ ನಿಂತಿವೆ. ಒಂದು ಗೇಣಿನಿಂದ ಮೇಲೆ ಏಳುವುದೇ ಇಲ್ಲ.

ಎರಡು, ಮಡಿ ಕುಸಿದಿದೆ. ಅಂಚಿನವರೆಗೆ ತುಂಬಿಸಿದ ಮಣ್ಣು ಈಗ ನಾಲ್ಕು ಇಂಚು ಕೆಳಗೆ.

ಮೂರು, ಬಸವನಹುಳು. ನಮ್ಮ ಸಣ್ಣ ಬಸವನಹುಳು ಅಲ್ಲ, ಆಫ್ರಿಕನ್. ಅಂಗೈಯಷ್ಟು ದೊಡ್ಡದು. ರಾತ್ರಿ ಟಾರ್ಚು ಹಿಡಿದು ಹೋದರೆ ಮಡಿಯ ಕಲ್ಲಿನ ಮೇಲೆ ಮೆರವಣಿಗೆ. ಎರಡೇ ರಾತ್ರಿಗೆ ಬಸಳೆಯ ಕುಡಿ ಖಾಲಿ. ಹಗಲು ಹುಡುಕಿದರೆ ಒಂದೂ ಕಾಣುವುದಿಲ್ಲ.

ಕುಂಬ್ಳೆ ಟೀಚರ್
ಜೂನ್ 28

ಹಳದಿಗೆ ಕಾರಣ ನಾರಿನ ಹುಡಿ ಇರಬೇಕು. ಹಸಿ ಹುಡಿ ಹಾಕಿದ್ದೀರಾ, ಕೊಳೆತದ್ದಾ? ಹಸಿ ಹುಡಿ, ಸೋಗೆ ಇವೆಲ್ಲ ಮಣ್ಣಿನಲ್ಲಿ ಕೊಳೆಯುವಾಗ ಗಿಡಕ್ಕೆ ಸಿಗಬೇಕಾದ ಸಾರಜನಕವನ್ನು ತಾವೇ ಎಳೆದುಕೊಳ್ಳುತ್ತವೆ. ಹೊಸ ಮಡಿಯ ಮೊದಲ ವರ್ಷದ ಕಾಯಿಲೆ ಇದು. ಕಡಲೆ ಹಿಂಡಿ ಒಂದು ಕೆಜಿ, ಹತ್ತು ಲೀಟರ್ ನೀರಿನಲ್ಲಿ ಮೂರು ನಾಲ್ಕು ದಿನ ಕೊಳೆಸಿ. ತಿಳಿಗೆ ಹತ್ತು ಪಟ್ಟು ನೀರು ಸೇರಿಸಿ ವಾರಕ್ಕೊಮ್ಮೆ ಬುಡಕ್ಕೆ ಹೊಯ್ಯಿರಿ. ವಾಸನೆಗೆ ನೆಂಟರು ಬರುವ ದಿನ ಮಾತ್ರ ಬೇಡ. ಮುಂದಿನ ಸಲ ಹುಡಿಯನ್ನು ಕೊಳೆಸಿಯೇ ಹಾಕಿ. ಕಾಸರಗೋಡಿನ ಸಿಪಿಸಿಆರ್‌ಐ (ತೆಂಗು, ಅಡಿಕೆಯಂಥ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ) ನಾರಿನ ಹುಡಿಯ ಕಾಂಪೋಸ್ಟು, ತೆಂಗಿನ ಗರಿಯ ಎರೆಗೊಬ್ಬರ ಎರಡರಲ್ಲೂ ತುಂಬ ಕೆಲಸ ಮಾಡಿದೆ. 1916ರಿಂದ ಇರುವ ಸಂಸ್ಥೆ ನಮ್ಮ ಊರಲ್ಲೇ ಇದೆ, ನಾವು ಮಾತ್ರ ವೀಡಿಯೊ ನೋಡುತ್ತೇವೆ.

ಕುಸಿದದ್ದಕ್ಕೆ ಹೆದರಬೇಡಿ. ಅಡಿಯ ಸೊಪ್ಪು ಕೊಳೆತರೆ ಕುಸಿಯಲೇ ಬೇಕು. ಪ್ರತಿ ವರ್ಷ ಮೇಲಿಂದ ಗೊಬ್ಬರ ಹಾಕುತ್ತಾ ಹೋಗಿ.

ಪಡ್ರೆ ಅಕ್ಕ
ಜೂನ್ 28

ಬಸವನಹುಳು ಹಗಲು ಇರುವುದು ನಿನ್ನ ಮಡಿಯ ಕಲ್ಲಿನ ಎಡೆಯಲ್ಲೇ. ಸಿಮೆಂಟು ಹಾಕದೆ ಕಟ್ಟಿದ್ದೀಯಲ್ಲ, ತಂಪು, ಕತ್ತಲೆ, ಊಟವೂ ಹತ್ತಿರ. ಬಾಯಾರಿನ ಭಾವ ಕೋಪ ಮಾಡಬಾರದು, ಅವರ ಮನೆ ಗುಡ್ಡೆಯ ತಲೆಯಲ್ಲಿ. ಅಲ್ಲಿಗೆ ಈ ಹುಳು ಇನ್ನೂ ಹತ್ತಿಲ್ಲ.

ಹೀಗೆ ಮಾಡು. ಗೋಣಿಚೀಲ ಒದ್ದೆ ಮಾಡಿ ಒಳಗೆ ಪಪ್ಪಾಯಿ ಎಲೆ ಇಟ್ಟು ಸಂಜೆ ಮಡಿಯ ಬದಿಯಲ್ಲಿ ಇಡು. ಬೆಳಿಗ್ಗೆ ಎಲ್ಲಾ ಅದರೊಳಗೆ ಇರುತ್ತವೆ. ಗಟ್ಟಿ ಉಪ್ಪುನೀರಿನ ಬಕೆಟಿಗೆ ಹಾಕು. ಬರಿಗೈಯಲ್ಲಿ ಮುಟ್ಟಬೇಡ, ಗ್ಲೌಸು ಬೇಕೇ ಬೇಕು. ಅದರ ಮೈಯ ಲೋಳೆಯಲ್ಲಿ ಮನುಷ್ಯನ ಮಿದುಳಿಗೆ ಹೋಗುವ ಒಂದು ಪರೋಪಜೀವಿ ಹುಳ ಇರಬಹುದು. ಮಕ್ಕಳನ್ನು ಹತ್ತಿರ ಬಿಡಬೇಡ. ಸೊಪ್ಪನ್ನು ಚೆನ್ನಾಗಿ ತೊಳೆದು ಬೇಯಿಸಿಯೇ ತಿನ್ನಿ. ಉಪ್ಪನ್ನು ಮಡಿಯ ಮೇಲೆ ಚೆಲ್ಲಬೇಡ, ಮಣ್ಣು ಹಾಳು. ಅಂಚಿಗೆ ಸುಣ್ಣದ ಹುಡಿ ಹಾಕುವುದು ಒಣ ದಿನಕ್ಕೆ ಸರಿ, ಆಟಿಯ ಮಳೆಗೆ ಒಂದು ಗಂಟೆಯೂ ನಿಲ್ಲುವುದಿಲ್ಲ.

ಯಾವುದೋ ಗುಳಿಗೆ ವಿಷ ಉಂಟಂತೆ, ಹಾಕಲಾ ಎಂದು ಕೇಳುವ ಮೊದಲೇ ಹೇಳುತ್ತೇನೆ. ನಾನು ಪಡ್ರೆಯವಳು. ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಹೊಯ್ದದ್ದನ್ನು ನೋಡಿದವಳು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೇ ನಿಲ್ಲಿಸಿತು. ನಮ್ಮ ಸುತ್ತಿನ ಮನೆಗಳಲ್ಲಿ ಅದರಿಂದ ಬಂದ ಕಷ್ಟ ಇನ್ನೂ ನಿಂತಿಲ್ಲ. ತಿನ್ನುವ ಸೊಪ್ಪಿನ ಹತ್ತಿರ ವಿಷದ ಮಾತು ನನ್ನ ಬಾಯಲ್ಲಿ ಬರುವುದಿಲ್ಲ.

ಬಾಯಾರು ಸುರಂಗ
ಜೂನ್ 29

ಕೋಪ ಎಂತದು ತಂಗೀ, ನೀನು ಹೇಳಿದ್ದು ಸರಿ. ನನಗೆ ಹೊಳೆಯಲಿಲ್ಲ. ತಮ್ಮಾ, ಹೊರಗಿನ ಎಡೆಗಳನ್ನು ಸುಣ್ಣದ ಗಾರೆಯಿಂದ ಮುಚ್ಚಿಬಿಡು. ಅಡಿಯ ಸಾಲಿನಲ್ಲಿ ಮಾತ್ರ ಎರಡಡಿಗೆ ಒಂದರ ಹಾಗೆ ತೂತು ಬಿಡು, ಅದಕ್ಕೆ ಒಳಗಿನಿಂದ ಬಲೆಯ ತುಂಡು ಇಡು. ಮಳೆ ಎರಡು ದಿನ ಬಿಟ್ಟಾಗ ಮಾಡಬೇಕು.

ಗುಡ್ಡೆಮನೆ
ಆಗಸ್ಟ್ 11

ಗಾರೆ ಹಾಕಿ ಆಯಿತು. ಬಸವನಹುಳು ಪೂರ್ತಿ ಹೋಗಿಲ್ಲ, ಆದರೆ ಮೊದಲು ಒಂದು ರಾತ್ರಿಗೆ ಮೂವತ್ತು ನಲವತ್ತು ಹೆಕ್ಕುತ್ತಿದ್ದದ್ದು ಈಗ ಐದಾರು. ಕಡಲೆ ಹಿಂಡಿ ಕೆಲಸ ಮಾಡಿತು. ಮೂರನೇ ವಾರಕ್ಕೆ ಬೆಂಡೆ ಕಡು ಹಸಿರು.

ಈಗ ಬದನೆಯ ಕಥೆ. ಸೂರ್ಯ ತಳಿ ಸಿಗಲಿಲ್ಲ, ನೆರೆಮನೆಯ ಊರ ಬದನೆಯ ಸಸಿ ತಂದು ಮಡಿಗೆ ನಾಲ್ಕರಂತೆ ಹನ್ನೆರಡು ನೆಟ್ಟೆವು. ಬಿಸಿಲಿಗೆ ಹಾಕದ ಮಣ್ಣಿನ ಮೂರನೇ ಮಡಿಯಲ್ಲಿ ನಾಲ್ಕೂ ಸತ್ತವು. ಉಳಿದ ಎಂಟರಲ್ಲಿ ಒಂದು ಹೋಯಿತು. ಗ್ಲಾಸಿನಲ್ಲಿ ಹಾಕಿ ನೋಡಿದೆ ಟೀಚರ್. ಬಿಳಿ ಎಳೆ ಇಳಿಯಿತು. ಅಮ್ಮ ನೋಡಿ, ಇಷ್ಟು ವರ್ಷ ಯಾರದೋ ಕಣ್ಣು ಬಿತ್ತು ಅಂದುಕೊಂಡಿದ್ದೆ ಎಂದರು.

ಕುಂಬ್ಳೆ ಟೀಚರ್
ಆಗಸ್ಟ್ 11

ಪ್ಲಾಸ್ಟಿಕ್ಕಿನಿಂದಲೇ ಎಂದು ಕೂಡಲೇ ತೀರ್ಮಾನ ಮಾಡಬೇಡಿ. ಮೂರನೇ ಮಡಿ ಇಳಿಜಾರಿನ ಕೆಳಗೆ ಉಂಟಾ? ಮೇಲಿನ ಎರಡು ಮಡಿಯ ನೀರು ಅದರ ಬುಡಕ್ಕೆ ಬರುತ್ತದಾ? ಈ ರೋಗ ನೀರಿನೊಟ್ಟಿಗೆ ಹೋಗುತ್ತದೆ, ಹಾರೆಯ ಮಣ್ಣಿನೊಟ್ಟಿಗೂ ಹೋಗುತ್ತದೆ. ಸತ್ತ ಗಿಡವನ್ನು ಬೇರು ಸಮೇತ ಕಿತ್ತು ಸುಟ್ಟುಬಿಡಿ, ಗೊಬ್ಬರ ಗುಂಡಿಗೆ ಹಾಕಬೇಡಿ. ಆ ಮಡಿಯಲ್ಲಿ ಇನ್ನು ಬದನೆ, ಟೊಮೆಟೊ, ಮೆಣಸು ಬೇಡ. ಅಲಸಂಡೆ, ಹರಿವೆ, ಬೆಂಡೆ ಹಾಕಿ. ಬದನೆಯೇ ಬೇಕೆಂದರೆ ಸುಂಡೆಯ ಗಿಡಕ್ಕೆ ಕಸಿ ಕಟ್ಟಿದ್ದು ಸಿಗುತ್ತದೆ, ಸುಂಡೆಯ ಬೇರು ಈ ರೋಗಕ್ಕೆ ಸುಲಭಕ್ಕೆ ಬಗ್ಗುವುದಿಲ್ಲ.

ಗುಡ್ಡೆಮನೆ
ಆಗಸ್ಟ್ 12

ಹೌದು ಟೀಚರ್, ಮೂರನೆಯದು ಕೆಳಗೇ ಇರುವುದು. ಅದು ನನಗೆ ತಲೆಗೆ ಹೋಗಲಿಲ್ಲ. ಮೇಲಿಂದ ಒಂದು ಸಣ್ಣ ಕಣಿ ತೆಗೆದು ನೀರನ್ನು ಬದಿಗೆ ತಿರುಗಿಸುತ್ತೇನೆ.

ಗುಡ್ಡೆಮನೆ
ಅಕ್ಟೋಬರ್ 20

ಮಳೆ ಕಡಿಮೆಯಾಯಿತು. ಸಾಮಾನುಗಳ ಲೆಕ್ಕ ಕೇಳಿ ಕೆಲವರು ಮೆಸೇಜು ಮಾಡಿದ್ದರು, ಇಲ್ಲೇ ಬರೆಯುತ್ತೇನೆ.

ದಿನಾ ಕೈಗೆ ಬರುವುದು ಕೈಗಾಡಿ. ಒಂದು ಚಕ್ರದ್ದು ತಂದಿದ್ದೆ, ಇಳಿಜಾರಿನಲ್ಲಿ ಗೊಬ್ಬರ ಸಮೇತ ಮಗುಚಿತು. ಬದಲಿಸಿ ಎರಡು ಚಕ್ರದ್ದು ತಂದೆ. ಅಮ್ಮನೂ ಎಳೆಯುತ್ತಾರೆ. ಎರಡು ಲೀಟರಿನ ಕೈ ಸ್ಪ್ರೇಯರ್ ಒಳ್ಳೆಯದು. ಅಡಿಕೆಗೆ ಬೋರ್ಡೋ ಮದ್ದು ಬಿಡುವ ದೊಡ್ಡ ಪಂಪನ್ನು ತರಕಾರಿಗೆ ತೆಗೆಯುವುದು ಇಲಿಗೆ ಕೋವಿ ಹಿಡಿದ ಹಾಗೆ. ಮೈಕ್ರೋ ಟ್ಯೂಬ್ ಹಾಕಿ ಇಟ್ಟಿದ್ದೇನೆ, ಡಿಸೆಂಬರಿನಿಂದ ನೋಡಬೇಕು. ಮಳೆಮರೆಗೆ 200 ಮೈಕ್ರಾನಿನ ಯುವಿ (ಬಿಸಿಲು ತಾಳುವ) ಪ್ಲಾಸ್ಟಿಕ್ ಹಾಳೆ ತಂದು ಒಂದೇ ಮಡಿಗೆ ಕಟ್ಟಿದೆ. ಬದಿಗಳು ತೆರೆದೇ ಇವೆ. ಆ ಒಂದು ಮಡಿಯಲ್ಲಿ ಜುಲೈ ಪೂರ್ತಿ ಹಸಿಮೆಣಸು ಕೊಯ್ದೆವು. ಅಂಗಡಿಯಿಂದ ಮೆಣಸು ತಂದದ್ದು ನೆನಪಿಲ್ಲ. ಉಳಿದ ಗಿಡಗಳಿಗೆ ಅದು ಬೇಕಾಗಲೇ ಇಲ್ಲ.

ದಂಡವಾದದ್ದು ಮಣ್ಣಿನ ಹುಳಿ ಅಳೆಯುವ ಎರಡು ಕಡ್ಡಿಯ ಮೀಟರ್. ಮಜ್ಜಿಗೆಗೂ ಏಳು ತೋರಿಸಿತು, ನಿಂಬೆರಸಕ್ಕೂ ಏಳು.

ಒಂದು ತಮಾಷೆಯೂ ಆಯಿತು. ಬೀಜದ ಪ್ಯಾಕೆಟಿನಲ್ಲಿ ಮಲಯಾಳದಲ್ಲಿ ವೆಳ್ಳರಿ ಎಂದು ಇತ್ತು. ಮುಳ್ಳುಸೌತೆ ಅಂದುಕೊಂಡು ಮೊದಲನೇ ಮಡಿಗೆ ಹಾಕಿದೆ. ಅದು ಸಾಂಬಾರಿನ ಸೌತೆ! ಬಳ್ಳಿ ಮಡಿ ತುಂಬಿ, ಕಲ್ಲು ಇಳಿದು, ಅಂಗಳ ದಾಟಿ, ಬಾವಿಕಟ್ಟೆ ಹತ್ತಿತು. ಹದಿನೇಳು ಕಾಯಿ. ಅಟ್ಟದಲ್ಲಿ ಬಾಳೆಹಗ್ಗದಲ್ಲಿ ಕಟ್ಟಿ ನೇತುಹಾಕಿದ್ದೇವೆ.

ಈಗಿನ ಕಷ್ಟ ಹಾಗಲ ಮತ್ತು ಪಡವಲ. ಕಾಯಿ ಎಳೆಯದಾಗಿರುವಾಗಲೇ ಹಳದಿಯಾಗಿ ಒಳಗೆ ಹುಳ. ಹಣ್ಣುನೊಣದ ಟ್ರಾಪು ತಂದು ಕಟ್ಟಿದ್ದೇನೆ. ನೊಣ ತುಂಬಾ ಬೀಳುತ್ತದೆ, ಆದರೂ ಹಾಗಲ ಹಾಳಾಗುತ್ತಲೇ ಉಂಟು.

ಪಡ್ರೆ ಅಕ್ಕ
ಅಕ್ಟೋಬರ್ 20

ಡಬ್ಬದ ಮೇಲೆ ಮೀಥೈಲ್ ಯೂಜಿನಾಲ್ ಎಂದು ಉಂಟಾ? ಹಾಗಾದರೆ ಅದು ಮಾವಿನ ನೊಣದ್ದು. ಹಾಗಲ, ಪಡವಲ, ಹೀರೆಯ ನೊಣ ಬೇರೆ ಜಾತಿ. ಅದಕ್ಕೆ ಕ್ಯೂ ಲ್ಯೂರ್ ಎಂಬ, ನೊಣವನ್ನು ಸೆಳೆಯುವ ಬೇರೆ ಮದ್ದು ಬೇಕು. ಅಂಗಡಿಯವರಿಗೆ ಎರಡೂ ಒಂದೇ. ಲ್ಯೂರಿಗೆ ಬೀಳುವುದು ಗಂಡು ನೊಣ ಮಾತ್ರ ಎಂದು ನೆನಪಿಡು. ಒಂದೇ ಮನೆಯವರು ಕಟ್ಟಿದರೆ ಸಾಲದು, ನೆರೆಮನೆಯವರೂ ಕಟ್ಟಬೇಕು. ಅದರೊಟ್ಟಿಗೆ ಹೂ ಉದುರಿದ ಕೂಡಲೇ ಕಾಯಿಗೆ ಕಾಗದದ ಚೀಲ ಹಾಕು. ಹುಳ ಬಿದ್ದ ಕಾಯಿಯನ್ನು ಅಲ್ಲೇ ಬಿಸಾಡಬೇಡ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಬಿಸಿಲಿಗೆ ಇಡು.

ಎರೆಮಣ್ಣು
ಅಕ್ಟೋಬರ್ 21

ಈ ಒಂದು ಮಾತಿಗೆ ಅಕ್ಕಾವರಿಗೆ ಅಕ್ಕಲಕೋಟೆಯಿಂದ ಶರಣು. ಮೂರು ವರ್ಷದಿಂದ ನಾನು ಹೀರೆಬಳ್ಳಿಗೆ ಮಾವಿನ ಟ್ರಾಪು ಕಟ್ಟುತ್ತಾ ಕುಂತಿದ್ದೇನೆ.

ಗುಡ್ಡೆಮನೆ
ಜನವರಿ 9

ಚಪ್ಪರದ ಹಾಗಲ ಈಗ ಚೆನ್ನಾಗಿ ಬರುತ್ತಿದೆ. ಕ್ಯೂ ಲ್ಯೂರ್ ನೆರೆಯ ಎರಡು ಮನೆಗೂ ನಾನೇ ತಂದುಕೊಟ್ಟೆ. ಡ್ರಮ್ಮಿನ ನೀರು ಕೊನೆಯ ಗಿಡದವರೆಗೂ ಹೋಗುತ್ತಿದೆ, ನೀರುಪೈಪು ಅಣ್ಣನಿಗೆ ಥ್ಯಾಂಕ್ಸ್. ಒಂದು ಮಡಿಯ ಅಡಿಯ ಸಿಪ್ಪೆಗೆ ಒರಳೆ (ಗೆದ್ದಲು) ಹಿಡಿದಿದೆ, ಗಿಡಕ್ಕೆ ತೊಂದರೆ ಇನ್ನೂ ಕಾಣಲಿಲ್ಲ.

ಅಮ್ಮ ಬೆಳಿಗ್ಗೆ ಕಾಫಿ ಲೋಟ ಹಿಡಿದು ಮಡಿಯ ಕಲ್ಲಿನ ಮೇಲೆ ಕುಳಿತರೆ ಒಂಬತ್ತು ಗಂಟೆವರೆಗೆ ಏಳುವುದಿಲ್ಲ. ಕಲ್ಲು ತಣ್ಣಗೆ ಎಂದು ಅಡಿಕೆ ಹಾಳೆಯ ತುಂಡು ಹಾಕಿಕೊಂಡಿದ್ದಾರೆ. ನಾಲ್ಕನೇ ಮಡಿ ಯಾವಾಗ ಎಂದು ಕೇಳುತ್ತಿದ್ದಾರೆ. ಈ ಸಲ ಎರಡು ಇಂಚು ಎತ್ತರ ಜಾಸ್ತಿ ಬೇಕಂತೆ, ಏಳುವಾಗ ಸುಲಭವಾಗುತ್ತದಂತೆ.

ಬಾಯಾರಿನ ಮಾವ, ಅಮ್ಮ ಇನ್ನೊಂದು ಕೇಳಿದ್ದಾರೆ. ನಿಮ್ಮ ಸುರಂಗದ ನೀರಿನ ತೊಂಡೆ ಬಳ್ಳಿಯ ನಾಲ್ಕು ತುಂಡು ಸಿಗಬಹುದಾ? ಬರುವ ಭಾನುವಾರ ಉಪ್ಪಳಕ್ಕೆ ಬರುವುದುಂಟು.

ಬಾಯಾರು ಸುರಂಗ
ಜನವರಿ 9

ಬಾ. ಬರುವಾಗ ಆ ಹದಿನೇಳರಲ್ಲಿ ಒಂದು ಸೌತೆ ತೆಗೆದುಕೊಂಡು ಬಾ.